ಬೈಯದ ಗಿರಾಕಿ

ಬೈಯುವ ಗಿರಾಕಿಗೆ ರೇಡಿಯೋ ಮಾಮ ಎಂದೂ ಹೆದರಿದವನಲ್ಲ. ರಿಪೇರಿ ಮಾಡಿಕೊಟ್ಟ ಸಾಮಾನು ವಾರದೊಳಗೆ ಮತ್ತೆ ಕೆಟ್ಟರೆ ಮನುಷ್ಯನಾದವನು ಬೈಯಬೇಕು. ಮೇಜು ಕುಟ್ಟಬೇಕು, ಕೆಲಸ ಬರುತ್ತೋ ಇಲ್ಲವೋ ಎಂದು ಕೇಳಬೇಕು, ಹೋಗುವಾಗ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಳ್ಳಬೇಕು. ಅದು ಲೋಕರೂಢಿ. ಮೂವತ್ತೈದು ವರ್ಷ ಒಂದೇ ಬೆಂಚಿನ ಹಿಂದೆ ಕೂತು ಮಾಮ ಕಲಿತದ್ದು ಇಷ್ಟು: ಬೈದವನ ಹೊಟ್ಟೆ ಖಾಲಿಯಾಗುತ್ತದೆ, ಬೈಯದವನ ಹೊಟ್ಟೆಯಲ್ಲಿ ಏನೋ ಉಳಿದಿರುತ್ತದೆ.

ಫೋಟೋ ಸ್ಟುಡಿಯೋ ಇಟ್ಟಿದ್ದ ಫೋಟೋದವನು ಬೈಯಲಿಲ್ಲ. ಅದೇ ಆಂಪ್ಲಿಫೈಯರನ್ನು ಎರಡನೇ ಸಲ ವಾಪಸ್ ತಂದು, ನಿದ್ದೆ ಹೋದ ಮಗುವನ್ನು ಇಳಿಸಿದ ಹಾಗೆ ಮೆಲ್ಲಗೆ ಕೌಂಟರಿನ ಮೇಲಿಟ್ಟ.

"ಎಡಗಡೆ ಸ್ಪೀಕರ್ ಮತ್ತೆ ನಿಂತುಹೋಯ್ತು ಮಾಮ."

"ಮತ್ತೇನಾ?"

"ಪರವಾಗಿಲ್ಲ ಬಿಡಿ. ಯಂತ್ರ ಅಂದ ಮೇಲೆ ಆಗತ್ತೆ."

"ಮೂರು ವಾರಕ್ಕೆ ಎರಡು ಸಲ ಆಗತ್ತಾ?"

"ಹಳೇದಲ್ವಾ," ಎಂದು ಅವನೇ ಸಮಾಧಾನ ಹೇಳಿದ. ನಷ್ಟ ಯಾರಿಗೋ, ಸಮಾಧಾನ ಯಾರಿಗೋ. ಹೇಳಿದವನು ಯಾರೂ ಕರೆಯುವ ಮೊದಲೇ ಒಳಗೆ ಬಂದು, ಗೋಡೆಗೆ ಒರಗಿಸಿಟ್ಟಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ. ಬೀಗರ ಮನೆಗೆ ಬಂದವನೂ ಅಷ್ಟು ಸಲೀಸಾಗಿ ಕೂರುವುದಿಲ್ಲ.

ಅಂಗಡಿ ಎರಡು ಪಾಲು. ಮುಂದಿನದು ಮಗಳದು: ಮೊಬೈಲಿನ ಚಾರ್ಜರು, ಕವರು, ಒಡೆದ ಗಾಜು ಬದಲಿಸುವ ಕೆಲಸ. ಹಿಂದಿನದು ಮಾಮನ ಬೆಂಚು. ಅದರ ಮೇಲೆ ಒಂದು ಭೂತಗನ್ನಡಿ, ಬೆಸುಗೆ ಹಾಕಲು ಒಂದು ಸೋಲ್ಡರ್ ಕಡ್ಡಿ, ಗೋಡೆಯ ತುಂಬ ಹಲ್ಲು ಬಿಟ್ಟ ಹಳೇ ರೇಡಿಯೋಗಳು. ಬೆಂಚಿಗೊಂದು ಕಟ್ಟಳೆಯಿತ್ತು. ರಿಪೇರಿಯಾದ ಯಾವ ಯಂತ್ರವೂ ಟೆಸ್ಟ್ ಆಗದೆ ಹೊರಗೆ ಹೋಗಬಾರದು, ಟೆಸ್ಟ್ ಮುಗಿಯುವವರೆಗೆ ಗಿರಾಕಿ ಎದುರಿಗೇ ಕೂತಿರಬೇಕು. ನಾಳೆ ಬಂದು ಇದು ಆವತ್ತೇ ಸರಿಯಿರಲಿಲ್ಲ ಅನ್ನಬಾರದಲ್ಲ. ಟೆಸ್ಟಿಗೆ ಒಂದೇ ಕ್ಯಾಸೆಟ್ಟು, ಅದರ ಒಂದೇ ಬದಿ, ನಲವತ್ತಕ್ಕೆ ಎರಡು ನಿಮಿಷ ಕಮ್ಮಿ.

ಆ ಕ್ಯಾಸೆಟ್ಟು ಅಂಗಡಿಗೆ ಬಂದದ್ದು ಒಂದು ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೆ. ಬಿಟ್ಟುಹೋದವನು ತಿರುಗಿ ಬರಲಿಲ್ಲ. ಮೇಲಿನ ಚೀಟಿ ಅಳಿಸಿ ಬೆಳ್ಳಗಾಗಿತ್ತು. ಯಾವುದೋ ಭಾಷೆಯ ಯಾವುದೋ ರಾಕ್ ತಂಡ. ಬದಿಯ ತುಂಬ ಒಂದೇ ಹಾಡು. ಮೊದಲ ನಾಲ್ಕು ನಿಮಿಷ ಖಾಲಿ ಗೋದಾಮಿನಲ್ಲಿ ಗಾಳಿ ಓಡಾಡಿದ ಹಾಗೆ ಕೀಬೋರ್ಡು. ಆಮೇಲೆ ಗಿಟಾರಿನ ಒಂದೇ ಸ್ವರ, ಈಗ ಹರಿಯಿತು ಈಗ ಹರಿಯಿತು ಅನ್ನುವಷ್ಟು ಎಳೆದದ್ದು. ಹನ್ನೊಂದನೇ ನಿಮಿಷಕ್ಕೆ ಒಬ್ಬ ಮನುಷ್ಯ, ಪಕ್ಕದ ಕೋಣೆಯಲ್ಲಿ ತನಗೆ ತಾನೇ ಹೇಳಿಕೊಂಡ ಹಾಗೆ, ಹಾಡಲು ಶುರುಮಾಡುತ್ತಾನೆ. ನಡುವೆ ಡ್ರಮ್ಮು ಎಂಟರ ಬದಲು ಏಳೇಳು ಎಣಿಕೆಗೆ ಕುಂಟುತ್ತದೆ. ಮೊದಲ ಸಲ ಕೇಳಿದಾಗ ಮಾಮ, ಯಂತ್ರ ಒಂದೊಂದು ಎಣಿಕೆ ನುಂಗುತ್ತಿದೆ ಎಂದು ತಿಳಿದು ಎರಡು ದಿನ ಮೋಟರು, ಬೆಲ್ಟು, ಗಾಲಿ ಎಲ್ಲ ಬಿಚ್ಚಿ ಹರಡಿಕೊಂಡಿದ್ದ. ಮೂರನೇ ದಿನ ಬೇರೆ ಯಂತ್ರಕ್ಕೆ ಹಾಕಿದರೆ ಅಲ್ಲೂ ಏಳೇ. ಕುಂಟು ಹಾಡಿನದು, ಯಂತ್ರದ್ದಲ್ಲ ಎಂದು ಆಗ ಗೊತ್ತಾಯಿತು.

ಆದರೆ ಟೆಸ್ಟಿಗೆ ಅದರಂಥ ಕ್ಯಾಸೆಟ್ಟಿಲ್ಲ. ಮೊದಲ ಗಾಳಿಯಲ್ಲಿ ಸುಯ್ ಅನ್ನುವ ದೋಷ ಸಿಕ್ಕಿಬೀಳುತ್ತದೆ. ಎಳೆದ ಸ್ವರದಲ್ಲಿ ವೇಗದ ಏರುಪೇರು, ಡ್ರಮ್ಮಿನಲ್ಲಿ ಸ್ಪೀಕರಿನ ಗರಗರ. ಕೊನೆಗೆ ಒಂದೊಂದೇ ವಾದ್ಯ ಎದ್ದುಹೋಗಿ, ಖಾಲಿ ಮನೆಯಂಥ ಸದ್ದು ಉಳಿಯುತ್ತದಲ್ಲ, ಅಲ್ಲಿ ಟ್ರಾನ್ಸ್‌ಫಾರ್ಮರಿನ ಗುಂಯ್ ಎಲ್ಲೂ ಅಡಗಲಾರದು. ಮಾಮ ಅದನ್ನು ಸಾವಿರಾರು ಸಲ ಕೇಳಿದ್ದ. ಹಾಡನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವನಿಗೆ ಅನ್ನದ ರುಚಿ ಎಲ್ಲಿಂದ ಬರಬೇಕು?

ಅವತ್ತೂ ಬಿಟ್ಟುಹೋಗಿದ್ದ ತಂತಿಗೆ ಬೆಸುಗೆ ಹಾಕಿ, ಕ್ಯಾಸೆಟ್ಟು ಓಡಿಸಿ, ಆಂಪ್ಲಿಫೈಯರನ್ನು ಕೊಟ್ಟು ಕಳಿಸಿದ. ಫೋಟೋದವನು ಬೀದಿ ತಿರುಗುವುದನ್ನೇ ಕಾಯುತ್ತಿದ್ದ ಮಗಳು ಸ್ಟೂಲನ್ನು ಎಳೆದುಕೊಂಡು ಬೆಂಚಿನೆದುರು ಕೂತಳು. ಮಾಮನ ಮುಖ ಚಿಕ್ಕದಾಯಿತು. ಅವಳು ಕೂತು ಮಾತಾಡುವುದು ದೊಡ್ಡ ಮಾತಿದ್ದಾಗ ಮಾತ್ರ.

"ಅಪ್ಪ, ನಿನ್ನ ಕಣ್ಣಿಗೆ ಏನಾಗಿದೆ?"

"ನಿನ್ನನ್ನ ನೋಡಕ್ಕೆ ಬೇಕಾದಷ್ಟಿದೆ."

"ತಮಾಷೆ ಬೇಡ. ನಿನ್ನ ಕೆಲಸ ಒಂದು ಸಲವೂ ವಾಪಸ್ ಬರ್ತಿರ್ಲಿಲ್ಲ. ಈಗ ಒಂದೇ ಡಬ್ಬ ಎರಡು ಸಲ ಬಂತು. ಅದರೊಳಗೆ ಇರೋ ಕರೆಂಟು ಸಣ್ಣದಲ್ಲ. ನಿನ್ನ ಬೆಸುಗೆ ಬಿಟ್ಟು ಯಾರ ಮನೆಗಾದ್ರೂ ಬೆಂಕಿ ಬಿದ್ರೆ?"

"ನನ್ನ ಬೆಸುಗೆ ಬಿಡಲ್ಲ."

"ಬಿಟ್ಟಿದೆಯಲ್ಲ! ಇನ್ನೊಂದು ಸಲ ಅದೇ ಡಬ್ಬ ಬಂದ್ರೆ ಸೋಲ್ಡರ್ ಕಡ್ಡಿ ಕೆಳಗಿಡ್ಬೇಕು. ಬೆಂಚು ಖಾಲಿ ಮಾಡ್ಬೇಕು. ಒಪ್ಪಿಗೆನಾ?"

"ಒಪ್ಪಿಗೆ," ಎಂದ ಮಾಮ. ಸಿಟ್ಟಿಗೆ ಒಪ್ಪಿದ.

ಮಗಳಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಒಂದು ವರ್ಷದಿಂದ ಭೂತಗನ್ನಡಿಯಲ್ಲಿ ನೋಡಿದರೂ ಬೆಸುಗೆಯ ಚುಕ್ಕಿಗಳ ಸುತ್ತ ಮಂಜು ಕಟ್ಟಿದ ಹಾಗೆ ಕಾಣುತ್ತಿತ್ತು. ಇಲ್ಲಿಯವರೆಗೆ ಕೈಯ ರೂಢಿಯೇ ಕಣ್ಣಿನ ಕೆಲಸ ಮಾಡಿತ್ತು. ಕೈಯೂ ಕೈಬಿಟ್ಟಿತೇ? ಆ ಪ್ರಶ್ನೆ ಬಂದ ಕೂಡಲೇ ಮಾಮ ಅದನ್ನು ಹೊರಗೆ ದಬ್ಬಿ ಬಾಗಿಲು ಹಾಕಿದ. ತನ್ನ ಮೇಲೆ ಅನುಮಾನ ಪಡುವುದಕ್ಕಿಂತ ಊರಿನ ಮೇಲೆ ಅನುಮಾನ ಪಡುವುದು ಸುಲಭ. ಅವನಿಗೊಬ್ಬ ಕಳ್ಳ ಬೇಕಾಗಿದ್ದ. ಬೈಯದ ಗಿರಾಕಿ ಕೈಗೆ ಸಿಕ್ಕಿದ.

ಹುಡುಕಿದರೆ ಅನುಮಾನಕ್ಕೆ ಬರವೇ? ಫೋಟೋದವನು ಬರುವುದು ಮಂಗಳವಾರವೇ, ಮಧ್ಯಾಹ್ನ ಮೂರಕ್ಕೇ. ಬೇರೆ ಗಿರಾಕಿಗಳು ಟೆಸ್ಟ್ ಶುರುವಾಗಿ ಐದು ನಿಮಿಷಕ್ಕೆ "ಸರಿಯಿದೆ ಬಿಡಿ ಮಾಮ, ಕೊಡಿ" ಎಂದು ಕೈ ಮುಗಿಯುತ್ತಾರೆ. ಇವನು ಕೊನೆಯ ಸದ್ದು ಆರುವವರೆಗೆ ಕದಲುವುದಿಲ್ಲ. ಕಣ್ಣು ಮುಚ್ಚಿರುತ್ತಾನೆ. ಕಣ್ಣು ಮುಚ್ಚಿದವನು ಏನನ್ನೋ ಲೆಕ್ಕ ಹಾಕುತ್ತಿರುತ್ತಾನೆ.

ಬುಧವಾರ ಮಾಮ ಚಹಾ ಕುಡಿದು ಬರುತ್ತೇನೆಂದು ಹೇಳಿ ದೊಡ್ಡ ರಸ್ತೆಯ ಕಡೆ ಹೋದ. ಫೋಟೋ ಸ್ಟುಡಿಯೋ ಇದ್ದದ್ದು ಅಲ್ಲಿಯ ಕಟ್ಟಡದ ನೆಲಮಹಡಿಯಲ್ಲಿ. ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ಹೊಸದಾಗಿ ತೆರೆದ ಸರ್ವೀಸ್ ಸೆಂಟರ್. ಮಾಮನ ಹಳೇ ಗಿರಾಕಿಗಳಲ್ಲಿ ಅರ್ಧ ಜನ ಈಗ ಅದರ ಮೆಟ್ಟಿಲು ಹತ್ತುತ್ತಿದ್ದರು. ಮಾಮನ ಕಣ್ಣು ಮೇಲಿನ ಫಲಕದಿಂದ ಕೆಳಗಿನ ಫಲಕಕ್ಕೆ, ಕೆಳಗಿನದರಿಂದ ಮೇಲಕ್ಕೆ ಎರಡು ಸಲ ಓಡಾಡಿತು. ಗಾಜಿನಾಚೆ ಫೋಟೋದವನು ತಲೆಗೆ ಕಾಗದದ ಕೊಂಬು ಸಿಕ್ಕಿಸಿಕೊಂಡು, ಅಳುವ ಕೂಸೊಂದರ ಮುಂದೆ ಮಂಡಿಯೂರಿ ಕೋಳಿಯ ಹಾಗೆ ಕೂಗುತ್ತಿದ್ದ. ಕೂಸು ನಕ್ಕಿತು. ಫ್ಲ್ಯಾಶ್ ಹೊಡೆಯಿತು. ಕೂಸಿನ ತಾಯಿಯೂ ನಕ್ಕಳು. ಅವರು ಹೋದದ್ದೇ ಮೇಲಿನ ಸರ್ವೀಸ್ ಸೆಂಟರಿನವನು ಎರಡು ಲೋಟ ಚಹಾ ಹಿಡಿದು ಒಳಗೆ ಬಂದ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತು ಕುಡಿದರು.

"ಹೀಗೋ ಸಮಾಚಾರ," ಎಂದುಕೊಂಡ ಮಾಮ. ಅವನ ಪಾಲಿಗೆ ಎಲ್ಲ ಸರಿಹೊಂದಿತು. ಮೇಲಿನವನು ಕಳಿಸುತ್ತಾನೆ, ಕೆಳಗಿನವನು ತಂತಿ ಕೀಳುತ್ತಾನೆ, ಮಾಮನ ಕೈ ಕೆಟ್ಟಿತೆಂದು ಪೇಟೆಯಲ್ಲಿ ಸುದ್ದಿಯಾಗುತ್ತದೆ. ಎಷ್ಟು ಅಚ್ಚುಕಟ್ಟು! ಇಷ್ಟು ನಗುವವನನ್ನು ನಂಬಬಾರದೆಂದು ಮೊದಲೇ ಅನ್ನಿಸಬೇಕಿತ್ತು.

ಅಂಗಡಿಗೆ ಬಂದವನೇ ಮಗಳ ಮುಂದೆ ಕೈಚಾಚಿದ. "ಪುಟ್ಟಿ, ನಿನ್ನ ಉಗುರು ಬಣ್ಣ ಕೊಡು."

ಮೂವತ್ತೆರಡು ವರ್ಷದ ಪುಟ್ಟಿ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರಿಗೆ?"

"ಯಾರಿಗೂ ಇಲ್ಲ. ಕೆಲಸಕ್ಕೆ."

"ಈ ವಯಸ್ಸಲ್ಲಿ ಯಾವ ಕೆಲಸ? ಚಹಾ ಕುಡಿಯಕ್ಕೆ ಅಂತ ಒಂದು ಗಂಟೆ ಹೋಗ್ತೀಯ, ಬಂದವನು ಕೆಂಪು ಬಣ್ಣ ಕೇಳ್ತೀಯ. ಅಮ್ಮನಿಗೆ ಹೇಳ್ಲಾ?"

"ಹೇಳು. ಅವಳೂ ನಗಲಿ."

ಗುರುವಾರ ಮಾಮ, "ಹೆಚ್ಚಿನ ತಪಾಸಣೆ, ದುಡ್ಡಿಲ್ಲ," ಎಂದು ಫೋಟೋದವನಿಗೆ ಫೋನು ಮಾಡಿ ಆಂಪ್ಲಿಫೈಯರನ್ನು ತರಿಸಿಕೊಂಡ. ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಬಿಗಿಮಾಡಿ, ಒಂದೊಂದರ ತಲೆಯ ಮೇಲೂ ಅರ್ಧ ಸ್ಕ್ರೂವಿಗೆ ಅರ್ಧ ತಗಡಿಗೆ ಅಂಟುವ ಹಾಗೆ ಒಂದೊಂದು ಹನಿ ಕೆಂಪು ಬಣ್ಣ ಇಟ್ಟ. ಹಳೇ ಕಸುಬುದಾರರ ಮುದ್ರೆ ಅದು. ಸ್ಕ್ರೂ ಕೂದಲಷ್ಟು ತಿರುಗಿದರೂ ಬಣ್ಣ ಬಿರುಕು ಬಿಡುತ್ತದೆ. ಆಮೇಲೆ ಯಾರು ಆಣೆ ಹಾಕಿದರೂ ಸ್ಕ್ರೂ ಸುಳ್ಳು ಹೇಳುವುದಿಲ್ಲ. ಅವತ್ತು ಕೂಡ ಟೆಸ್ಟ್ ಓಡಿತು. ಕರೆದದ್ದಕ್ಕೆ ಫೋಟೋದವನ ಮುಖದಲ್ಲಿ ಎಂಥ ಬೆಳಕು! ಮಾಮನಿಗೆ ಅದೂ ಅನುಮಾನಕ್ಕೆ ಒಗ್ಗರಣೆಯಾಯಿತು.

ಅದಾದ ಎರಡನೇ ಮಂಗಳವಾರ, ಮೂರು ಗಂಟೆ. ಮಗಳು ಸಾಮಾನು ತರಲು ಸಗಟು ಅಂಗಡಿಗೆ ಹೋಗಿದ್ದಳು.

"ಎಡಗಡೆದೇ ಮಾಮ," ಎಂದ ಫೋಟೋದವನು. ಮಾತು ಮುಗಿಯುವ ಮೊದಲೇ ಸ್ಟೂಲಿನ ಮೇಲೆ ಕೂತಿದ್ದ.

ಮಾಮ ಆಂಪ್ಲಿಫೈಯರನ್ನು ದೀಪದ ಕೆಳಗೆ ತಿರುಗಿಸಿದ. ಮಂಜುಗಣ್ಣಿಗೂ ಕಂಡಿತು. ನಾಲ್ಕು ಹನಿಗಳೂ ನಡುವೆ ಸೀಳಿದ್ದವು. ಅಂದರೆ ತನ್ನ ಕೈ ಕೆಟ್ಟಿಲ್ಲ! ಈಗಲೇ ಕೊರಳಪಟ್ಟಿ ಹಿಡಿಯಬೇಕೆನ್ನಿಸಿದರೂ ತಡೆದುಕೊಂಡ. ಮಗಳು ಬರಲಿ, ಅವಳೆದುರೇ ಹಿಡಿಯೋಣ, ಅಲ್ಲಿಯವರೆಗೆ ಇವನನ್ನು ಕೂರಿಸಿರಬೇಕು. ಮುಚ್ಚಳ ಬಿಚ್ಚಿ, ಸೀಳಿದ ಹನಿಗಳು ಕಾಣುವ ಹಾಗೆ ಪಕ್ಕಕ್ಕಿಟ್ಟು, ಕಿತ್ತಿದ್ದ ತಂತಿಗೆ ಬೆಸುಗೆ ಹಾಕಿದ. ಕ್ಯಾಸೆಟ್ಟು ಒತ್ತಿದ. ಇವತ್ತು ದೋಷ ಹುಡುಕಬೇಕಾದದ್ದು ಯಂತ್ರದಲ್ಲಲ್ಲ. ಮಾಮ ಕೈ ಕಟ್ಟಿಕೊಂಡು ಫೋಟೋದವನ ಮುಖವನ್ನೇ ನೋಡುತ್ತ ಕೂತ.

ಗಾಳಿಯ ಸದ್ದು ಶುರುವಾಯಿತು. ಕಣ್ಣು ಮುಚ್ಚಿದ ಆ ಮುಖದಲ್ಲಿ ಮೊದಲು ತುಟಿಯ ಕೊನೆಗಳು ಇಳಿದವು, ಭಾರದ ಚೀಲ ಕೆಳಗಿಟ್ಟವನ ಭುಜದ ಹಾಗೆ. ಆಮೇಲೆ ಕೆನ್ನೆ, ಆಮೇಲೆ ಹುಬ್ಬು. ಗಿಟಾರಿನ ಸ್ವರ ಎಳೆಯುತ್ತ ಹೋದ ಹಾಗೆ ಆ ಮುಖದಿಂದ ಅಂಗಡಿಯ ನಗು ಪೂರ್ತಿ ಇಳಿದುಹೋಗಿ, ಒಳಗಿನ ಬೇರೆ ಮನುಷ್ಯ ಕಂಡ. ದುಃಖದ ಮುಖ. ಆದರೆ ನೋಡಿದವರಿಗೆ ಅಯ್ಯೋ ಅನ್ನಿಸುವ ದುಃಖವಲ್ಲ, ಮೈಗೆ ಸರಿಯಾಗಿ ಹೊಲಿಸಿಕೊಂಡ ಅಂಗಿಯಂಥದ್ದು.

ಹಾಡುವವನು ಬಂದ. ಇಷ್ಟು ವರ್ಷ ಮಾಮ ಅವನ ಸ-ಕಾರ ಸೀಳುತ್ತದೋ ಇಲ್ಲವೋ ಎಂಬುದನ್ನಷ್ಟೇ ಗಮನಿಸಿದ್ದ. ಇವತ್ತು ಬೇರೆ ಕೆಲಸವಿಲ್ಲದ ಕಿವಿಗೆ ಅವನು ಹೇಳುತ್ತಿದ್ದದ್ದು ಬಿತ್ತು. ಭಾಷೆ ಗೊತ್ತಿರಲಿಲ್ಲ. ಆದರೂ ಯಾರಿಗೋ ಹೇಳಬೇಕಾದದ್ದನ್ನು ಆ ಯಾರೋ ಹೋದ ಮೇಲೆ ಹೇಳುತ್ತಿದ್ದಾನೆ ಅನ್ನಿಸಿತು. ಡ್ರಮ್ಮು ಏಳಕ್ಕೆ ಕುಂಟುವುದೂ ಸರಿಯೇ, ಅಂಥ ಮಾತು ಹೊತ್ತವನು ನೆಟ್ಟಗೆ ನಡೆಯುತ್ತಾನೆಯೇ? ವಾದ್ಯಗಳು ಒಂದೊಂದಾಗಿ ಎದ್ದುಹೋದವು. ಖಾಲಿ ಮನೆಯ ಸದ್ದು ಉಳಿಯಿತು. ಕ್ಯಾಸೆಟ್ಟು ಟಕ್ ಎಂದು ನಿಂತಾಗ ಮಾಮನಿಗೆ ಎಚ್ಚರವಾಯಿತು. ಗುಂಯ್ ಇತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೇಳುವುದನ್ನೇ ಮರೆತಿದ್ದ.

ಅದೇ ಅವನನ್ನು ರೇಗಿಸಿತು. ಮಗಳು ಬರಲೆಂದು ಕಾಯಲಿಲ್ಲ.

"ಏನಪ್ಪಾ, ತಂತಿ ಕಿತ್ತಿದ್ದು ಯಾಕೆ?"

ಫೋಟೋದವನು ಕಣ್ಣು ಬಿಟ್ಟ. ನಗಲು ಹೋದ, ಆಗಲಿಲ್ಲ.

"ಮೇಲಿನವನು ಎಷ್ಟು ಕೊಟ್ಟ?"

"ಮೇಲಿನವನಾ? ಯಾರು? ಅವನು ನಮ್ಮ ಚಿಕ್ಕಪ್ಪನ ಮಗ ಮಾಮ. ಚಹಾದ ಕಾಸೂ ನನ್ನ ಹತ್ರನೇ ಕೀಳ್ತಾನೆ."

"ಹಾಗಾದ್ರೆ ಯಾಕೆ?" ಮಾಮ ಸೀಳಿದ ಕೆಂಪು ಹನಿಗಳ ಮೇಲೆ ಬೆರಳು ಕುಟ್ಟಿದ. "ಇದರೊಳಗೆ ಎಂಥ ಕರೆಂಟಿರತ್ತೆ ಗೊತ್ತಾ? ಪ್ಲಗ್ ಕಿತ್ತ ಮೇಲೂ ಹೊಡೆಯತ್ತೆ. ಸತ್ತಿದ್ರೆ ನಿನ್ನ ಹೆಂಡತಿಗೆ ನಾನೇನು ಹೇಳ್ಬೇಕಿತ್ತು?"

"ಫ್ಲ್ಯಾಶ್ ಬಿಚ್ಚಿ ಅಭ್ಯಾಸ ಇದೆ ಮಾಮ. ಅಷ್ಟು ಗೊತ್ತು." ಅವನು ತಲೆ ತಗ್ಗಿಸಿದ. "ಇದನ್ನ ಕೇಳಕ್ಕೆ ಬರ್ತಿದ್ದೆ."

"ಯಾವುದನ್ನ?"

"ಟೆಸ್ಟನ್ನ."

ಮಾಮ ಕ್ಯಾಸೆಟ್ಟನ್ನು ನೋಡಿದ, ಅವನನ್ನು ನೋಡಿದ. ನಂಬುವ ಮಾತೇ ಇದು? "ಕೇಳಿದ್ರೆ ಕ್ಯಾಸೆಟ್ಟೇ ಕೊಡ್ತಿದ್ದೆನಲ್ಲೋ."

"ಅದಕ್ಕೇ ಕೇಳ್ಲಿಲ್ಲ. ಕೊಟ್ಟಿದ್ರೆ ಮನೇಲಿ ಹಾಕ್ಬೇಕಾಗ್ತಿತ್ತು." ಅವನು ಸ್ಟೂಲಿನ ಅಂಚು ಹಿಡಿದುಕೊಂಡ. "ದಿನಕ್ಕೆ ಮೂವತ್ತು ಜನರನ್ನ ನಗಿಸ್ತೀನಿ ಮಾಮ. ಕೋಳಿ ಆಗ್ತೀನಿ, ಕತ್ತೆ ಆಗ್ತೀನಿ. ಮನೆಗೆ ಹೋಗಿ ಒಂದು ಗಳಿಗೆ ಸುಮ್ನೆ ಕೂತ್ರೆ ಹೆಂಡತಿ ಏನಾಯ್ತು ಅಂತಾಳೆ. ಏನೂ ಆಗಿಲ್ಲ ಅಂದ್ರೆ ಇನ್ನೂ ಹೆದರ್ತಾಳೆ. ಅಮ್ಮ ಹಣೆ ಮುಟ್ಟಿ ನೋಡ್ತಾರೆ. ನಿಜವಾಗ್ಲೂ ಏನೂ ಆಗಿಲ್ಲ. ಎಲ್ಲ ಚೆನ್ನಾಗಿದೆ. ಆದ್ರೂ ವಾರಕ್ಕೊಂದು ಸಲ ಒಂದಷ್ಟು ಹೊತ್ತು ಬೇಜಾರು ಮಾಡ್ಕೊಂಡು ಕೂರ್ಬೇಕು ಅನ್ಸತ್ತೆ. ಇಲ್ಲಿ ಕೂತ್ರೆ ಯಾರೂ ಯಾಕೆ ಅಂತ ಕೇಳಲ್ಲ. ಟೆಸ್ಟ್ ನಡೀತಿದೆ ಅಂತಾರೆ."

ಮಾಮ ಕೈ ಚಾಚಿ ಆಂಪ್ಲಿಫೈಯರಿನ ಪ್ಲಗ್ ಕಿತ್ತ. ಆದರೂ ಅವನು ಪೂರ್ತಿ ಬಿಡುವವನಲ್ಲ. "ಅಂತೂ ನನ್ನ ಬೆಸುಗೆ ಎಂದೂ ಬಿಟ್ಟಿರಲಿಲ್ಲ. ಎಲ್ಲ ಸಲನೂ ನೀನೇ. ಅಷ್ಟು ಹೇಳು, ನನ್ನ ಮಗಳೆದುರು ಹೇಳು, ಸಾಕು. ಮಾಫಿ."

ಫೋಟೋದವನು ಆಂಪ್ಲಿಫೈಯರಿನ ಒಳಗೊಮ್ಮೆ ನೋಡಿದ.

"ಹೇಳ್ತೀಯ ತಾನೇ?"

"ಹೇಳ್ತೀನಿ ಮಾಮ. ನೀವು ಹೇಳು ಅಂದ್ರೆ ಹೇಳ್ತೀನಿ."

"ಅದೇನದು 'ಹೇಳು ಅಂದ್ರೆ'?"

"ಮೊದಲನೇ ಸಲ ವಾಪಸ್ ತಂದಿದ್ನಲ್ಲ, ಆಗ ನಾನು ಮುಟ್ಟಿರ್ಲಿಲ್ಲ. ಅದಾಗೇ ನಿಂತಿತ್ತು. ಮತ್ತೆ ಟೆಸ್ಟ್ ಕೇಳ್ಬಹುದು ಅಂತ ಖುಷಿಯಾಯ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಎರಡು ಸಲ ನಾನು."

ಕಸುಬಿನಲ್ಲಿ ಅದಕ್ಕೆ ಡ್ರೈ ಸೋಲ್ಡರ್ ಅನ್ನುತ್ತಾರೆ. ಮೇಲೆ ಕಚ್ಚಿದ ಹಾಗೆ ಕಂಡು ಒಳಗೆ ಕಚ್ಚದ ಬೆಸುಗೆ. ಕಣ್ಣಿದ್ದವನಿಗೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಮಾಮ ಮೊದಲ ಸಲದ ವಾಪಸನ್ನು ನೆನಪಿಗೆ ತಂದುಕೊಂಡ. ಅವತ್ತು ತಂತಿ ಕಿತ್ತುಬಂದಿರಲಿಲ್ಲ. ಮುಟ್ಟಿದರೆ ಅಲ್ಲಾಡುತ್ತಿತ್ತು ಅಷ್ಟೆ. ಅವತ್ತೇ ಗೊತ್ತಾಗಿತ್ತು. ಗೊತ್ತಾದದ್ದನ್ನು ನೋಡದ ಹಾಗೆ ಮೇಲಿಂದ ಇನ್ನೊಂದು ಬೆಸುಗೆ ಮೆತ್ತಿ, ಅದರ ಮೇಲೆ ಇಷ್ಟೆಲ್ಲ ಅನುಮಾನ ಮೆತ್ತಿದ್ದ.

ಬಾಗಿಲು ಕಿರ್ ಎಂದಿತು. ಮಗಳು ಎರಡು ಕೈಯಲ್ಲಿ ಡಬ್ಬಗಳನ್ನು ಹೊತ್ತು ಬಂದಳು. ಸ್ಟೂಲಿನ ಮೇಲೆ ಫೋಟೋದವನು, ಬೆಂಚಿನ ಮೇಲೆ ಮುಚ್ಚಳ ತೆರೆದ ಆಂಪ್ಲಿಫೈಯರು. ಡಬ್ಬಗಳನ್ನು ಕೆಳಗಿಟ್ಟಳು.

"ಬಂತಾ? ಮೂರನೇ ಸಲ?"

ಫೋಟೋದವನು ಎದ್ದು ನಿಂತ. "ಅಕ್ಕ, ನಾನೇ ಕಿತ್ತಿದ್ದು. ಎಲ್ಲ ಸಲನೂ ನಾನೇ. ಮಾಮಂದೇನೂ ತಪ್ಪಿಲ್ಲ. ನೋಡಿ, ಇಲ್ಲಿ ಬಣ್ಣ..."

ಮಗಳು ಬಣ್ಣ ನೋಡಿದಳು, ತನ್ನ ಉಗುರು ನೋಡಿಕೊಂಡಳು, ಅಪ್ಪನನ್ನು ನೋಡಿದಳು. ಅವಳ ಮುಖ ಸಡಿಲವಾಗತೊಡಗಿತ್ತು. ಒಂದು ಮಾತು ಆಡದೆ ಸುಮ್ಮನೆ ಕೂತಿದ್ದರೆ ಬೆಂಚು ಉಳಿಯುತ್ತಿತ್ತು. ಮಾಮ ಸುಮ್ಮನಿರಲು ನೋಡಿದ. ಆದರೆ ಯಾರದೋ ಮನೆ, ಯಾರದೋ ಗೋಡೆಯ ಪ್ಲಗ್ಗು, ಒಳಗೆ ತನ್ನ ಕೈಯ ಕಚ್ಚದ ಬೆಸುಗೆ. ಅಂಥ ಸಾಮಾನನ್ನು ಸರಿಯಿದೆ ಎಂದು ಹೇಳಿ ಕಳಿಸಿದವನಲ್ಲ ಅವನು.

"ಎರಡು ಸಲ ಇವನು," ಎಂದ. "ಮೊದಲನೇದು ನಂದು."

"ನಿಂದಾ?"

"ಡ್ರೈ ಸೋಲ್ಡರ್. ಕಾಣ್ಲಿಲ್ಲ ಪುಟ್ಟಿ. ಒಂದು ವರ್ಷದಿಂದ ಸರಿಯಾಗಿ ಕಾಣಲ್ಲ."

ಮಗಳು ಗೆದ್ದವಳ ಹಾಗೆ ಕಾಣಲಿಲ್ಲ. ಭೂತಗನ್ನಡಿಯನ್ನು ತನ್ನ ಕಡೆ ಎಳೆದುಕೊಂಡು ಆಂಪ್ಲಿಫೈಯರಿನೊಳಗೆ ಬಗ್ಗಿದಳು. ತುಂಬ ಹೊತ್ತು ನೋಡಿದಳು. ಫೋಟೋದವನು ಹೊರಡಲೋ ಕೂರಲೋ ತಿಳಿಯದೆ ನಿಂತೇ ಇದ್ದ.

"ಇಲ್ಲೊಂದು ಬೆಸುಗೆ ಮಂಕಾಗಿದೆ," ಎಂದಳು. "ಇಲ್ಲಿ ಇನ್ನೊಂದು. ಇದೂ ಬಿಡತ್ತೆ ಇವತ್ತಲ್ಲ ನಾಳೆ."

ಮಾಮ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಸೋಲ್ಡರ್ ಕಡ್ಡಿಯನ್ನು ಹಿಡಿಕೆಯ ಕಡೆಯಿಂದ ಅವಳಿಗೆ ಚಾಚಿದ. ಅವಳು ತೆಗೆದುಕೊಳ್ಳಲು ಒಂದು ಗಳಿಗೆ ಹಿಂಜರಿದಳು.

"ಬೆಂಚು ಖಾಲಿ ಮಾಡು ಅಂದಿದ್ದೆ, ನಾನು ಕೂರ್ತೀನಿ ಅಂದಿರ್ಲಿಲ್ಲ," ಎಂದಳು.

"ಗಾಜು ಅಂಟಿಸೋ ಕೈಗೆ ಇದೇನು ಮಹಾ. ಮೊದಲು ತಂತಿ ಬಿಸಿ ಮಾಡು, ಆಮೇಲೆ ಸೀಸ ಮುಟ್ಟಿಸು. ಸೀಸನ ಬಿಸಿ ಮಾಡಿ ತಂತಿಗೆ ಮೆತ್ತಬೇಡ, ನಾನು ಹಾಗೇ ಮಾಡಿರ್ಬೇಕು."

ಹೊಗೆಯ ಸಣ್ಣ ಎಳೆ ಎದ್ದಿತು. ಅವಳು ಮೂರು ಚುಕ್ಕಿ ಹಾಕಿದಳು, ಊದಿದಳು, ತಲೆ ಓರೆ ಮಾಡಿ ಮೆಚ್ಚಿಕೊಂಡಳು. ಮಾಮ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಗಾಳಿಯ ಸದ್ದಿಗೆ ತಂದು ಒತ್ತಿದ. ಫೋಟೋದವನು ಯಾರೂ ಬೇಡವೆನ್ನದ ಕಾರಣ ಮೆಲ್ಲಗೆ ಕೂತ. ಮಾಮ ಸ್ಪೀಕರಿನ ಹತ್ತಿರ ಹೋಗಿ ನಿಂತ. ಅರ್ಧ ನಿಮಿಷವಾಗಿರಲಿಲ್ಲ, ಕೈಯೆತ್ತಿದ.

"ಎಡಗಡೆ ಚರಚರ ಅಂತಿದೆ. ನಡುವಿನದು ಕಚ್ಚಿಲ್ಲ. ತೆಗೆದು ಮತ್ತೆ ಹಾಕು."

"ಕನ್ನಡಿ ಹಾಗೆ ಹೊಳೀತಿದೆ ಅಪ್ಪ! ನಿನಗೆ ಕಾಣದೆ ಹೇಗೆ ಹೇಳ್ತೀಯ?"

"ನೀನೇ ಬಂದು ಕೇಳು."

ಅವಳು ಎದ್ದುಬಂದು ಸ್ಪೀಕರಿಗೆ ಕಿವಿಯಿಟ್ಟಳು. ಖಾಲಿ ಗೋದಾಮಿನ ಗಾಳಿಯಷ್ಟೇ ಕೇಳಿಸಿತು. "ಏನೂ ಇಲ್ಲ. ಸುಮ್ನೆ ನನ್ನನ್ನ ಸೋಲ್ಸಕ್ಕೆ ಹೇಳ್ತಿದ್ದೀಯ," ಎಂದು ಅಪ್ಪನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸ್ಟೂಲಿನ ಕಡೆ ತಿರುಗಿ, "ರೀ, ನೀವು ಹೇಳಿ, ಚರಚರ ಇದೆಯಾ?"

ಫೋಟೋದವನು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. "ಇದೆ ಅಕ್ಕ. ತುಂಬ ಸಣ್ಣದು."

"ಇಬ್ಬರೂ ಸೇರ್ಕೊಂಡಿದ್ದೀರ," ಎಂದು ಗೊಣಗುತ್ತ ಅವಳು ಪ್ಲಗ್ ಕಿತ್ತು, ಮತ್ತೆ ಕಡ್ಡಿ ಕೈಗೆತ್ತಿಕೊಂಡಳು.